ಉಮೇದುವಾರನನ್ನು ಆರಿಸುವವರು ಯಾರು?

ಗೊರೂರಿನಂತಹ ಗ್ರಾಮದಲ್ಲಿ ಪಕ್ಷದ ಚಂದಾ ತೆತ್ತು, ಚುನಾವಣೆಯ ಕಾಲದಲ್ಲಿ ಹೇಮಾವತಿಯ ಎರಡು ದಡಗಳ ಹಳ್ಳಿಗಳನ್ನೂ ತಿರುಗಿ ಮತ ಯಾಚಿಸುವ ಸದಸ್ಯನಿಗೆ, ತನ್ನ ಪಕ್ಷವು ರಾಷ್ಟ್ರಪತಿ ಪದವಿಗೆ ಯಾರನ್ನು ನಿಲ್ಲಿಸಬೇಕೆಂಬುದರಲ್ಲಿ ಎಷ್ಟು ಅಧಿಕಾರವುಂಟು? ಏನೂ ಇಲ್ಲವೆಂದೇ ಹೇಳಬೇಕಾಗಿದೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ರೈತನಾದರೋ ತನ್ನ ಪಕ್ಷದ ಉಮೇದುವಾರ ಯಾರಾಗಬೇಕೆಂದು ತಾನೇ ಮತ ಹಾಕುತ್ತಾನೆ. ಇದಕ್ಕೆ ಅಲ್ಲಿ ಪ್ರೈಮರಿ ಎಂದು ಹೆಸರು. ಹೀಗೆ ದೊರೆತ ಮತಗಳನ್ನನುಸರಿಸಿ ಸಂಸ್ಥಾನಗಳ ಪ್ರತಿನಿಧಿಗಳು ಮಹಾಧಿವೇಶನದಲ್ಲಿ ಕೂಡಿ ಉಮೇದುವಾರನನ್ನು ಘೋಷಿಸುತ್ತಾರೆ. ಅಲ್ಲಿಯೂ ಈ ಪದ್ಧತಿ ಸುಲಭವಾಗಿ ಬಲಗೊಂಡುದಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿಯವರು ಪ್ರೈಮರಿಗಳಲ್ಲಿ ಸ್ಪರ್ಧಿಸದೆಯೇ ಡೆಮೊಕ್ರಾಟಿಕ್ ಪಕ್ಷದ ಉಮೇದುವಾರರಾದಾಗ ಎದ್ದ ಅಸಮಾಧಾನದಿಂದಲೇ 1972ರ ಹೊತ್ತಿಗೆ ನಿಯಮಗಳು ಬದಲಾದುವು.

ಹಂಫ್ರಿಯವರ ಆಯ್ಕೆಯಾದ ಮರುವರ್ಷವೇ ನಮ್ಮ ಬೆಂಗಳೂರಿನಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾಗಿದ್ದರು. ಜುಲೈನಲ್ಲಿ, ನಮ್ಮವರೇ ಆದ ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸಿನ ಪಾರ್ಲಿಮೆಂಟರಿ ಮಂಡಲಿಯು ಸೇರಿತು. ಸಂಜೀವರೆಡ್ಡಿಯವರಿಗೆ ನಾಲ್ಕು ಮತಗಳು, ಜಗಜೀವನರಾಮರಿಗೆ ಎರಡು. ಇಷ್ಟು ವಿಶಾಲವಾದ ದೇಶದ ಪ್ರಥಮ ಪ್ರಜೆಯ ಹೆಸರು ಆರು ಮತಗಳಲ್ಲಿ ತೀರ್ಮಾನವಾಯಿತು! ಪ್ರಧಾನಿ ಇಂದಿರಾ ಗಾಂಧಿಯವರು ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿಯೂ, ಅಂತಃಕರಣಕ್ಕೆ ಒಪ್ಪಿದಂತೆ ಮತ ನೀಡಿರೆಂದು ಶಾಸಕರಿಗೆ ಕರೆಯಿತ್ತರು. ಆಗಸ್ಟ್ 16ರಂದು ನಡೆದ ಮತದಾನದಲ್ಲಿ, ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ, ಸ್ವತಂತ್ರರಾಗಿ ನಿಂತ ವಿ. ವಿ. ಗಿರಿಯವರ ಮತಮೌಲ್ಯ 4,20,077 ಆಯಿತು, ರೆಡ್ಡಿಯವರದು 4,05,427. ನವೆಂಬರಿನಲ್ಲಿ ಪಕ್ಷವೇ ಒಡೆಯಿತು.

ಸಹಿ ಹಾಕಿದ ಹೆಸರಿಗೇ ವಿರೋಧವಾಗಿ ನಡೆದುದನ್ನು ನಾವು ಮೆಚ್ಚಲಾರೆವು. ಆದರೆ ಮಂಡಲಿಯ ತಪ್ಪು ಅದಕ್ಕಿಂತ ಹಿಂದಿನದು. ನಮ್ಮಲ್ಲಿ ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರೇ ಹೊರತು ಜನರು ನೇರವಾಗಿ ಅಲ್ಲ; ಆದಕಾರಣ ಅಮೆರಿಕದ ಪ್ರೈಮರಿಯನ್ನು ಇಲ್ಲಿಗೆ ಹಾಗೆಯೇ ತರಲಾಗದು. ಅದಿರಲಿ. ಹಾಸನ ಜಿಲ್ಲೆಯ ವಿಧಾನಸಭಾ ಸದಸ್ಯರಿಗೆ ಆಗಸ್ಟಿನಲ್ಲಿ ಗುಪ್ತಮತದ ಹಕ್ಕಿತ್ತಷ್ಟೆ. ಅವರಂತಹ ಪಕ್ಷದ ಶಾಸಕರೆಲ್ಲರ ಮತವನ್ನು ಜುಲೈನಲ್ಲಿಯೇ ಪಡೆದು ಹೆಸರನ್ನು ನಿಶ್ಚಯಿಸಿದ್ದರೆ ಏನು ನಷ್ಟವಾಗುತ್ತಿತ್ತು? ತಾವೇ ಆರಿಸಿದ ಉಮೇದುವಾರನನ್ನು ತಿಂಗಳೊಳಗೆ ಕೈಬಿಡುವುದು ಅವರಿಗೆ ಅಷ್ಟು ಸುಲಭವಾಗುತ್ತಿರಲಿಲ್ಲ.

2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಪ್ರತಿನಿಧಿಗಳು ತಮ್ಮ ಪಕ್ಷಾಧ್ಯಕ್ಷರನ್ನು ಮತದಿಂದಲೇ ಆರಿಸಿದರು. ಕನ್ನಡಿಗರಾದ ಮಲ್ಲಿಕಾರ್ಜುನ ಖರ್ಗೆಯವರಿಗೆ 7,897 ಮತಗಳೂ ಶಶಿ ತರೂರರಿಗೆ 1,072 ಮತಗಳೂ ಬಂದುವು. ಅದೇ ವರ್ಷದ ಜೂನ್ 21ರಂದು ರಾಷ್ಟ್ರಪತಿ ಪದವಿಗೆ ದ್ರೌಪದಿ ಮುರ್ಮು ಅವರ ಹೆಸರನ್ನು ಭಾರತೀಯ ಜನತಾ ಪಕ್ಷದ ಸಂಸದೀಯ ಮಂಡಲಿಯೂ, ಯಶವಂತ ಸಿನ್ಹಾ ಅವರ ಹೆಸರನ್ನು ವಿರೋಧಪಕ್ಷಗಳ ನಾಯಕರ ಸಭೆಯೂ ನಿಶ್ಚಯಿಸಿದುವು.