ಪತ್ರಕರ್ತೆಯರಿಗೊಂದು ಸಂಘವೇಕೆ?

ಗುಂತಕಲ್ಲಿನಿಂದ ಆದವಾನಿಗೆ ಹೋಗುವ ರೈಲುದಾರಿಯಲ್ಲಿ ಆಸ್ಪರಿ ಇದೆ. ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯದಾಗಿದ್ದ ಈ ಸೀಮೆ, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಹೊಸ ಆಂಧ್ರ ರಾಜ್ಯಕ್ಕೆ ಸೇರಿದಾಗ, ಅತ್ತ ಹೋಯಿತು. ಮೂರು ವರ್ಷಗಳ ತರುವಾಯ ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ಆದುದರಿಂದ ಅಲ್ಲಿನ ಕನ್ನಡ ಮನೆಗಳ ಚಿಂತೆಯನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ನೀರಿನ ತೊಂದರೆಯಾಗಲಿ, ಮಕ್ಕಳ ಶಾಲೆಯ ಚಿಂತೆಯಾಗಲಿ, ಮೊದಲು ತಟ್ಟುವುದು ಮನೆಯ ಹೆಂಗಸರಿಗೆ. ಆದರೆ ಅದನ್ನು ಪತ್ರಿಕೆಗೆ ಬರೆಯುವವರಲ್ಲಿ ಹೆಂಗಸರೆಷ್ಟು ಮಂದಿ?

ಒಂಟಿಯಾಗಿ ಬರೆದವರು ಕನ್ನಡದಲ್ಲಿ ಇಲ್ಲದಿಲ್ಲ. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತೊಡಗಿದರು. ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಬಹುಕಾಲ ಕನ್ನಡಿಗರ ನೆನಪಿನಿಂದ ಮರೆಯಾಗಿದ್ದ ಆ ತಾಯಿ 1982ರಲ್ಲಿ ತೀರಿಕೊಂಡರು. 1921ರಲ್ಲಿ ‘ಸರಸ್ವತಿ’ಯನ್ನು ಆರಂಭಿಸಿದ ಕಲ್ಯಾಣಮ್ಮನವರು ನಾಲ್ಕು ದಶಕ ಅದನ್ನು ಹೊತ್ತು ನಡೆದರು. ಇಬ್ಬರಿಗೂ ಬೆನ್ನಿಗೆ ನಿಲ್ಲುವ ಪತ್ರಕರ್ತೆಯರ ಸಂಘವೊಂದು ಇರಲಿಲ್ಲ.

ಕನ್ನಡದ ಬರಹಗಾರ್ತಿಯರು 1979ರಲ್ಲಿ ಬೆಂಗಳೂರಿನಲ್ಲಿ ಲೇಖಕಿಯರ ಸಂಘ ಕಟ್ಟಿದರು. ಹಾಸ್ಯ ಲೇಖಕಿ ಟಿ. ಸುನಂದಮ್ಮನವರು ಮೊದಲ ಅಧ್ಯಕ್ಷೆ. ದಿಲ್ಲಿಯ ಪತ್ರಕರ್ತೆಯರು 1994ರಲ್ಲಿ ‘ಇಂಡಿಯನ್ ವಿಮೆನ್ಸ್ ಪ್ರೆಸ್ ಕೋರ್’ ಎಂಬ ತಮ್ಮದೇ ಸಂಘವನ್ನು ಸ್ಥಾಪಿಸಿದರು. ಊರೂರಿನ ಪತ್ರಕರ್ತೆಯರನ್ನು ಬೆಸೆಯುವ ಮಾಧ್ಯಮ ಮಹಿಳೆಯರ ಜಾಲ 2002ರಲ್ಲಿ ರೂಪುಗೊಂಡಿತು. ರಾತ್ರಿ ಪಾಳಿ ಮುಗಿಸಿ ಮನೆ ಸೇರುವ ವಾಹನ, ಕಚೇರಿಯಲ್ಲಿ ಶೌಚಾಲಯ, ಮೇಲಿನವರ ಕಿರುಕುಳದ ವಿರುದ್ಧ ದೂರು: ಇಂಥವನ್ನು ಒಬ್ಬಳೇ ಕೇಳಿದರೆ ಅದು ತಕರಾರು ಎನಿಸುತ್ತದೆ, ಹತ್ತು ಮಂದಿ ಕೇಳಿದರೆ ಹಕ್ಕು ಎನಿಸುತ್ತದೆ.

ಸಂಘದಿಂದ ಏನಾದೀತು ಎನ್ನುವವರು 2025ರ ಅಕ್ಟೋಬರವನ್ನು ನೆನೆಯಲಿ. ಅಫ್ಘಾನಿಸ್ತಾನದ ವಿದೇಶಾಂಗ ಮಂತ್ರಿ ದಿಲ್ಲಿಯಲ್ಲಿ 10ರಂದು ನಡೆಸಿದ ಪತ್ರಿಕಾಗೋಷ್ಠಿಯಲ್ಲಿ ಹೆಂಗಸರಿಗೆ ಎಡೆಯಿರಲಿಲ್ಲ. ಪತ್ರಕರ್ತೆಯರ ಕೋರ್ ಮತ್ತು ಸಂಪಾದಕರ ಕೂಟ ಬಹಿರಂಗವಾಗಿ ಖಂಡಿಸಿದವು. 12ರಂದು ಇನ್ನೊಂದು ಗೋಷ್ಠಿ ಕರೆಯಬೇಕಾಯಿತು. ಪತ್ರಕರ್ತೆಯರು ಮುಂದಿನ ಸಾಲಿನಲ್ಲೇ ಕುಳಿತು ಪ್ರಶ್ನೆ ಕೇಳಿದರು.

ರಾಜಧಾನಿಯಲ್ಲೇ ಹೀಗಾದರೆ, ಆಸ್ಪರಿಯಲ್ಲೋ ನಮ್ಮೂರಲ್ಲೋ ಕನ್ನಡದಲ್ಲಿ ಸುದ್ದಿ ಬರೆಯಹೊರಟ ಹುಡುಗಿಯ ಪಾಡೇನು? ಆಕೆ ಭಾಷೆಯಿಂದಲೂ ಒಂಟಿ, ವೃತ್ತಿಯಲ್ಲಿಯೂ ಒಂಟಿ. ಗಡಿಯ ಪತ್ರಕರ್ತೆಯರು, ಅವರು ನಾಲ್ಕೇ ಮಂದಿಯಿದ್ದರೂ, ಒಂದೆಡೆ ಕೂಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಅದಕ್ಕೆ ಮೊದಲು, ಬರೆಯುತ್ತೇನೆಂದ ಮಗಳ ಕೈಯಿಂದ ಮನೆಯ ಹಿರಿಯರು ಲೇಖನಿ ಕಸಿಯದಿರಲಿ.