ಬಾಗಿಲು ಮುಚ್ಚಿತ್ತು, ಓವನ್ ಮಾತ್ರ ಕಾಯಲಿಲ್ಲ!

ಹಬ್ಬದ ರಜೆಗೆ ಅರಸೀಕೆರೆಯ ಮನೆಗೆ ಹೋಗಿದ್ದೆ. ಬೇಲೂರು, ಹಳೇಬೀಡು ಸುತ್ತಿ ಬಂದ ನೆಂಟರಿಗೆ ಪಲ್ಯ ಬಿಸಿ ಮಾಡೋಣ ಅಂತ ಮೈಕ್ರೋವೇವ್ ಒತ್ತಿದೆ. ದೀಪ ಹತ್ತಿತು, ತಟ್ಟೆ ತಿರುಗಿತು. 2 ನಿಮಿಷ ಕಳೆದರೂ ಪಲ್ಯ ತಣ್ಣಗೇ ಇತ್ತು.

"ಹಾಳಾಗೋಯ್ತು ಬಿಡು, ಹೊಸದು ತಗೊಂಡ್ರಾಯ್ತು" ಅಂದ್ರು ಅಮ್ಮ. ತಮ್ಮ ಸ್ಕ್ರೂಡ್ರೈವರ್ ತಂದೇಬಿಟ್ಟ. ಬಾಗಿಲ ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿದ್ರೆ ಓಡುತ್ತಂತೆ, ವಿಡಿಯೋದಲ್ಲಿ ನೋಡಿದ್ದನಂತೆ! ನಾನು ಪ್ಲಗ್ ಕಿತ್ತು ಅವನ ಕೈ ಹಿಡಿದೆ.

ಬಾಗಿಲ ಕೊಕ್ಕೆಗಳು ಒಳಗಿನ ಪುಟ್ಟ ಸ್ವಿಚ್‌ಗಳನ್ನು ಪೂರ್ತಿ ಒತ್ತಿದರೆ ಮಾತ್ರ ಮ್ಯಾಗ್ನೆಟ್ರಾನ್‌ಗೆ ಕರೆಂಟ್ ಹೋಗುತ್ತೆ. ಒಂದು ಒತ್ತಿ ಇನ್ನೊಂದು ಒತ್ತದಿದ್ದರೆ ದೀಪ ಉರಿದರೂ ಕಾವು ಬಾರದೆ ಇರಬಹುದು. ಹಳೇಬೀಡಿನ ಗುಡಿಯ ದ್ವಾರಪಾಲಕರ ಹಾಗೆ ಅವು ಕಾವಲಿಗಿವೆ. ಅವನ್ನೇ ಯಾಮಾರಿಸಿದರೆ ಬಾಗಿಲು ತೆರೆದಾಗಲೂ ಅಲೆ ಹೊರಬಂದು ಮೈ ಸುಟ್ಟೀತು. ಹೊರಕವಚ ಬಿಚ್ಚುವುದಂತೂ ಬೇಡವೇ ಬೇಡ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ನಾವು ಮಾಡಿದ್ದಿಷ್ಟೇ. ಕೊಕ್ಕೆ, ಅದು ಕೂರುವ ತೂತು, ಬಾಗಿಲ ಅಂಚು ಒರೆಸಿದೆವು. ಕೊಬ್ಬರಿ ಮಿಠಾಯಿಯ ಪಾಕ ಗಟ್ಟಿಯಾಗಿ ಅಂಟಿತ್ತು! ಚೆನ್ನಾಗಿ ಒಣಗಿಸಿ, ಬಾಗಿಲು ಒತ್ತಿ ಮುಚ್ಚಿ, ಪಿಂಗಾಣಿ ಕಪ್ಪಿನಲ್ಲಿ ನೀರಿಟ್ಟು 1 ನಿಮಿಷ ಓಡಿಸಿದೆವು. ನೀರು ಬಿಸಿಯಾಯಿತು.

ನಿಮ್ಮ ಮನೇಲಿ ಒರೆಸಿದರೂ ಕಾಯದಿದ್ದರೆ, ಬಾಗಿಲು ಜೋತಿದ್ದರೆ, ಕೊಕ್ಕೆ ಮುರಿದಿದ್ದರೆ ಓವನ್ ಬಳಸಬೇಡಿ, ಮೆಕ್ಯಾನಿಕ್‌ನ ಕರೆಸಿ. ಅಂದಹಾಗೆ, ಓವನ್ ಬಾಗಿಲಿಗೆ ಟವೆಲ್ ನೇತುಹಾಕೋದನ್ನ ಅಮ್ಮ ಅವತ್ತೇ ಬಿಟ್ಟರು. ತಮ್ಮನ ಸ್ಕ್ರೂಡ್ರೈವರ್ ಈಗ ಅವರ ಬೀರುವಿನಲ್ಲಿದೆ!