ಬೇತಾಳ ಬಾಗಿಲಲ್ಲಿ, ಬುರುಡೆ ಬಾಯಲ್ಲಿ

ಗೌರಿ ಹುಣ್ಣಿಮೆ ಹತ್ತಿರ ಬಂದರೆ ರಾಯಚೂರು, ದೇವದುರ್ಗ, ಮಾನ್ವಿಯ ಬಜಾರುಗಳಲ್ಲಿ ಸಕ್ಕರೆ ಗೊಂಬೆಗಳು ಕಾಣಿಸಿಕೊಳ್ಳುತ್ತವೆ. ತೇರು, ಆನೆ, ಒಂಟೆ, ನವಿಲು, ಬಸವಣ್ಣ, ಕಳಸ. ಬಣ್ಣ ಬಿಳಿ, ಹಳದಿ, ಗುಲಾಬಿ. ಕಾರ್ತಿಕದ ಆ ಹುಣ್ಣಿಮೆಯಂದು ಹೆಣ್ಣುಮಕ್ಕಳು ಇವನ್ನು ತಟ್ಟೆಯಲ್ಲಿ ಜೋಡಿಸಿ, ದೀಪ ಹಚ್ಚಿ, ಗೌರಿಗೆ ಬೆಳಗುತ್ತಾರೆ. ನಿಶ್ಚಯವಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆಯ ಜೊತೆ ಸಕ್ಕರೆ ಆರತಿ ಒಯ್ಯುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಹೆಚ್ಚುಕಡಿಮೆ ಅದೇ ಹಂಗಾಮಿನಲ್ಲಿ, ನವೆಂಬರ್ 1 ಮತ್ತು 2ರ ಸತ್ತವರ ಹಬ್ಬಕ್ಕೆಂದು, ಮೆಕ್ಸಿಕೋ ದೇಶದ ಸಂತೆಗಳಲ್ಲೂ ಸಕ್ಕರೆ ಗೊಂಬೆಗಳು ಸಾಲುಗಟ್ಟಿ ಕೂರುತ್ತವೆ. ಅಲ್ಲಿನವು ಮನುಷ್ಯರ ತಲೆಬುರುಡೆಗಳು.

ಮಾಡುವ ಬಗೆ ಬಹುಮಟ್ಟಿಗೆ ಒಂದೇ. ಇಲ್ಲಿ ಸಕ್ಕರೆಗೆ ನೀರು ಬೆರೆಸಿ ಕುದಿಸುತ್ತಾರೆ. ಸ್ವಲ್ಪ ಹಾಲು ಬಿಟ್ಟರೆ ಕಲ್ಮಶ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದುಹಾಕಿ, ಪಾಕವನ್ನು ಹದಕ್ಕೆ ತಂದು, ತಿರುವಿ, ನೀರಿನಲ್ಲಿ ನೆನೆಸಿಟ್ಟ ಮರದ ಅಚ್ಚಿಗೆ ಸುರಿಯುತ್ತಾರೆ. ಎರಡು ಹೋಳಿನ ಅಚ್ಚನ್ನು ಮೊದಲೇ ಬಿಗಿಯಾಗಿ ಕಟ್ಟಿರುತ್ತಾರೆ. ಅಚ್ಚು ಒಣಗಿದ್ದರೆ ಗೊಂಬೆ ಅದಕ್ಕೇ ಕಚ್ಚಿಕೊಳ್ಳುತ್ತದೆ. ಪಾಕ ಎಳೆಯದಾದರೆ ಆನೆಯ ಸೊಂಡಿಲು ನಿಲ್ಲುವುದಿಲ್ಲ, ಏರಿದರೆ ನವಿಲಿನ ಗರಿಯವರೆಗೆ ಇಳಿಯುವುದಿಲ್ಲ. ಮೆಕ್ಸಿಕೋದಲ್ಲಿ ಮರದ ಬದಲು ಮಣ್ಣಿನ ಅಚ್ಚು. ಸುರಿದ ಪಾಕದ ಹೊರಪದರ ಗಟ್ಟಿಯಾದ ಕೂಡಲೇ ಒಳಗಿನದನ್ನು ಬಗ್ಗಿಸಿ ತೆಗೆಯುತ್ತಾರೆ. ಹಾಗಾಗಿ ಬುರುಡೆ ಟೊಳ್ಳು. ಮೇಲೆ ಬಣ್ಣದ ಸಕ್ಕರೆಯಿಂದ ಹೂಬಳ್ಳಿ ಎಳೆದು, ಕಣ್ಣಿನ ಕುಳಿಗೆ ಮಿರುಗುವ ಕಾಗದ ಅಂಟಿಸಿ, ಹಣೆಯ ಮೇಲೆ ಒಂದು ಹೆಸರು ಬರೆಯುತ್ತಾರೆ. ಅದು ಸತ್ತವರದೇ ಆಗಬೇಕೆಂದಿಲ್ಲ. ಬದುಕಿರುವ ಗೆಳೆಯನ ಹೆಸರು ಬರೆಸಿ ಅವನಿಗೇ ಕೊಡುವುದು ಅಲ್ಲಿ ಪ್ರೀತಿಯ ತಮಾಷೆ. ರಾಯಚೂರಿನಲ್ಲಿ ಹಾಗೆ ಮಾಡಿದವನ ಗತಿ ಏನಾದೀತೆಂದು ಹೇಳಬೇಕಾಗಿಲ್ಲ.

ಕಬ್ಬಿನಿಂದ ಹರಳು ಸಕ್ಕರೆ ತೆಗೆಯುವ ವಿದ್ಯೆ ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಕೈಗೆ, ಅವರಿಂದ ಸ್ಪೇನಿಗೆ ಹೋಯಿತು. 16ನೇ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದಾಗ ಅವರ ಜೊತೆ ಸಕ್ಕರೆ ಗೊಂಬೆಯ ಕಸುಬೂ ಹೋಯಿತು. ಎದುರು ದಿಕ್ಕಿನಲ್ಲಿ ಬಂದದ್ದು ಚೆಂಡುಹೂ. ದಸರೆ, ದೀಪಾವಳಿಗೆ ರಾಯಚೂರಿನ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಈ ಹೂವಿನ ತವರು ಮೆಕ್ಸಿಕೋ. ಅಲ್ಲಿ ಅದು ಸತ್ತವರ ಹೂವು. ಸಮಾಧಿಯಿಂದ ಮನೆಯ ಎಡೆಯವರೆಗೆ ಅದರ ಎಸಳು ಚೆಲ್ಲಿ, ಹಿರಿಯರ ಆತ್ಮಕ್ಕೆ ದಾರಿ ತೋರಿಸುತ್ತಾರೆ.

ಮೆಕ್ಸಿಕೋದ ಬುರುಡೆಗೆ ಎರಡು ಬೇರು. ಸ್ಪೇನಿನವರು ಬರುವ ಮುಂಚೆ ಅಜ್ಟೆಕ್ ಜನ ಬಲಿಯಾದವರ ತಲೆಬುರುಡೆಗಳನ್ನು ದೇವಾಲಯದ ಎದುರು ಮರದ ಚೌಕಟ್ಟಿನಲ್ಲಿ ಪೋಣಿಸಿಡುತ್ತಿದ್ದರು. ಸ್ಪೇನಿನವರು ತಂದದ್ದು ಕ್ರೈಸ್ತರ ಸಕಲ ಆತ್ಮಗಳ ದಿನ. ಈಗಿನ ಹಬ್ಬದಲ್ಲಿ ಯಾವುದರ ಪಾಲು ಎಷ್ಟು ಎಂಬ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ಇಂದು ಜಗತ್ತಿಗೆ ಗೊತ್ತಿರುವ ನಗುವ ಅಸ್ಥಿಪಂಜರ ಮಾತ್ರ ಅಷ್ಟು ಪುರಾತನದ್ದಲ್ಲ. ಅದರ ಬಹುಪಾಲು ಶ್ರೇಯಸ್ಸು ಸಲ್ಲಬೇಕಾದ್ದು ಮುದ್ರಣಾಲಯವೊಂದರ ಚಿತ್ರಗಾರ ಹೋಸೆ ಗ್ವಾಡಲೂಪೆ ಪೊಸಾಡನಿಗೆ (1852–1913). ವಾನೇಗಾಸ್ ಅರ್ರೋಯೊ ಎಂಬ ಪ್ರಕಾಶಕ ಹಬ್ಬದ ಸಮಯದಲ್ಲಿ ಹೊರತರುತ್ತಿದ್ದ ಅಗ್ಗದ ಹಾಳೆಗಳಿಗೆ ಆತ ಲೋಹದ ತಗಡಿನ ಮೇಲೆ ಕೊರೆದು ಚಿತ್ರ ಮಾಡುತ್ತಿದ್ದ. ಸೈಕಲ್ ತುಳಿಯುವ, ಕುಡಿಯುವ, ಕುಣಿಯುವ ಎಲುಬಿನ ಜನ. ಗರಿ, ಹೂವು ಸಿಕ್ಕಿಸಿದ ದೊಡ್ಡ ಟೋಪಿಯ ಒಂದು ಬುರುಡೆ, ಯುರೋಪಿನ ಉಡುಪು ತೊಟ್ಟು ಬೀಗುವವರನ್ನು ಅಣಕಿಸಲು ಮಾಡಿದ್ದು, ‘ಕತ್ರಿನಾ’ ಎಂದು ಹೆಸರಾಯಿತು. 1947ರಲ್ಲಿ ದಿಯೇಗೋ ರಿವೇರಾ ತನ್ನ ಭಿತ್ತಿಚಿತ್ರದಲ್ಲಿ ಅದಕ್ಕೆ ಪೂರ್ತಿ ಮೈ ಕೊಟ್ಟ. ಆಮೇಲೆ ಕೈಕಸುಬಿನವರು ಅದನ್ನು ಬಿಡಲಿಲ್ಲ. ಮಿಚೋವಕಾನ್ ಪ್ರಾಂತದ ಕಾಪುಲಾ ಊರಿನವರು ಮಣ್ಣಿನಲ್ಲಿ ಕತ್ರಿನಾ ಮಾಡಿ ಸುಡುತ್ತಾರೆ; ಮೆಕ್ಸಿಕೋ ನಗರದ ಲಿನಾರೆಸ್ ಮನೆತನದವರು ಕಾಗದ, ಗೋಂದಿನಿಂದ ಆಳೆತ್ತರದ ಅಸ್ಥಿಪಂಜರ ಕಟ್ಟುತ್ತಾರೆ. ಈ ಹಬ್ಬ 2008ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿ ಸೇರಿತು.

ಕನ್ನಡ ನಾಡಿನಲ್ಲಿ ಸಾಮಾನ್ಯ ಜನ ದಿನಾ ಕಾಣುವ ಬುರುಡೆ ವಿದ್ಯುತ್ ಕಂಬದ ಕೆಂಪು ಫಲಕದ್ದು, ‘ಅಪಾಯ’ ಎಂಬ ಅಕ್ಷರದ ಕೆಳಗಿನದು. ಹಾಗೆಂದು ಇಲ್ಲಿನ ಕಲೆಗೆ ಎಲುಬು ಅಪರಿಚಿತವಲ್ಲ. 6ನೇ ಶತಮಾನದ ಬಾದಾಮಿಯ ಮೊದಲನೇ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಕೈಮುಗಿದು ನಿಂತ ಭೃಂಗಿಯ ಮೈಯಲ್ಲಿ ಮಾಂಸವೇ ಇಲ್ಲ. ಶಿವನಿಗೆ ಮಾತ್ರ ಸುತ್ತು ಬರುತ್ತೇನೆಂದು ಹಟ ಹಿಡಿದ ಈ ಋಷಿಗೆ ಪಾರ್ವತಿ ಶಾಪ ಕೊಟ್ಟಳೆಂದು ಕಥೆ. ರಕ್ತ, ಮಾಂಸ ತಾಯಿಯ ಪಾಲು, ಎಲುಬು ತಂದೆಯ ಪಾಲು ಎಂಬುದು ಹಿಂದಿನವರ ನಂಬಿಕೆ. ತಾಯಿಯನ್ನು ಒಲ್ಲದವನಿಗೆ ಉಳಿದದ್ದು ಎಲುಬಷ್ಟೇ.

ಇದಕ್ಕಿಂತ ಭಯಂಕರವಾದ ಜೋಡಿ ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿದೆ. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಅದು. ಒಳಗಿನ ಕಾಳಿಯ ಗರ್ಭಗುಡಿಗೆ ಎರಡು ಬೇತಾಳಗಳ ಕಾವಲು. ಬೆನ್ನಿಗೆ ಹತ್ತಿದ ಹೊಟ್ಟೆ, ಒಂದೊಂದಾಗಿ ಎಣಿಸಬಹುದಾದ ಪಕ್ಕೆಲುಬು, ಉಬ್ಬಿದ ಕಣ್ಣು, ಕಿಸಿದ ಹಲ್ಲು. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಮದನಿಕೆಯರ ಒಡವೆ ಕೊರೆಯಲು ಒದಗಿದ ಅದೇ ಗುಣ ಪಕ್ಕೆಲುಬು ಬಿಡಿಸಲೂ ಒದಗಿತು. 2020ರ ನವೆಂಬರ್‌ನಲ್ಲಿ ಇಲ್ಲಿನ ಕಾಳಿಯ ಮೂರ್ತಿ ಒಡೆದುಬಿದ್ದದ್ದು ಕಂಡುಬಂತು. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳ ಜೊತೆ ದೊಡ್ಡಗದ್ದವಳ್ಳಿಯ ಹೆಸರಿಲ್ಲ.

ಭೃಂಗಿಯಾಗಲಿ ಬೇತಾಳವಾಗಲಿ ದೇವರ ಪರಿವಾರ. ರುಂಡಮಾಲೆ ಭೈರವನ ಕೊರಳಿನದು. ಕನ್ನಡ ನಾಡಿನಲ್ಲಿ ಎಲುಬು ಗುಡಿಯ ಬಾಗಿಲಿನವರೆಗೆ ಬಂತು, ಅಡುಗೆಮನೆಗೆ ಬರಲಿಲ್ಲ. ಹೆಣ ಸುಟ್ಟರೆ ಬೂದಿ, ಎಲುಬು ನೀರಿಗೆ. ಹೂತರೂ ಗೋರಿಯ ಆಚೆ ಅದರ ಮಾತಿಲ್ಲ. ಸತ್ತವರನ್ನು ನೆನೆಯುವಾಗಲೂ ಅವರ ಇಷ್ಟದ ಅಡುಗೆ, ಹೊಸ ಬಟ್ಟೆ ಎಡೆಗೆ ಬರುತ್ತವೆಯೇ ಹೊರತು ದೇಹದ ಗುರುತು ಬರುವುದಿಲ್ಲ. ಮಹಾಲಯ ಅಮಾವಾಸ್ಯೆಯ ಹಿರಿಯರ ಪೂಜೆಯೇ ಇದಕ್ಕೆ ಸಾಕ್ಷಿ.

ರಾಯಚೂರು ಜಿಲ್ಲೆಯಲ್ಲಿ ಸಾವನ್ನು ಬೀದಿಗೆ ತಂದು, ಬಣ್ಣ ಹಚ್ಚಿ, ಕುಣಿಸುವ ಹಬ್ಬ ಬೇರೆಯೇ ಇದೆ: ಮೊಹರಂ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿನ ಈ ಅಲಾಯಿ ಹಬ್ಬವನ್ನು ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಮಾಡುತ್ತಾರೆ; ಜಿಲ್ಲೆಯ ಮುದಗಲ್ಲಿನ ಮೊಹರಂಗೆ ದೂರದೂರದಿಂದ ಜನ ಬರುತ್ತಾರೆ. ಇಲ್ಲಿನ ಕೈಕೆಲಸ ಪಂಜಾ ಮತ್ತು ತಾಬೂತು. ಪಂಜಾ ಎಂದರೆ ಲೋಹದ ಹಸ್ತ. ಐದು ಬೆರಳು ಪ್ರವಾದಿ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಈ ಐವರ ಗುರುತು. ಕೋಲಿಗೆ ಸಿಕ್ಕಿಸಿ, ಬಣ್ಣದ ಬಟ್ಟೆ ಉಡಿಸಿ, ಹೂಮಾಲೆ ಹಾಕಿದ ಮೇಲೆ ಅದು ಜನರ ಬಾಯಲ್ಲಿ ದೇವರು. ತಾಬೂತು ಬಿದಿರ ಸೀಳು, ಬಣ್ಣದ ಕಾಗದ, ಜರಿಯಿಂದ ಕಟ್ಟಿದ ಗೋರಿಯ ಮಾದರಿ. ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆ ಮೇಳದವರು ಕನ್ನಡದಲ್ಲೇ ರಿವಾಯತ್ ಹಾಡುತ್ತಾರೆ, ಹುಲಿವೇಷದವರು ಹಲಗೆಯ ಪೆಟ್ಟಿಗೆ ಕುಣಿಯುತ್ತಾರೆ. ಶೋಕದ ಹಬ್ಬದಲ್ಲಿ ಇಷ್ಟು ಗದ್ದಲವೇಕೆ ಎಂದು ಕೇಳುವವರು ಇದ್ದಾರೆ. ಮೆಕ್ಸಿಕೋದವರನ್ನೂ ಹೊರಗಿನವರು ಅದೇ ಪ್ರಶ್ನೆ ಕೇಳುತ್ತಾರೆ.

ಮೆಕ್ಸಿಕೋದ ಟೊಲುಕಾ ನಗರದಲ್ಲಿ ಸಕ್ಕರೆ ಬುರುಡೆಗಾಗಿಯೇ ಪ್ರತಿವರ್ಷ ಜಾತ್ರೆ ನಡೆಯುತ್ತದೆ. ಇಲ್ಲಿ ಸಕ್ಕರೆ ಆರತಿಯ ಮರದ ಅಚ್ಚುಗಳು ಮನೆತನಗಳ ಅಟ್ಟದಲ್ಲಿ ಕೂತಿವೆ. ಬಡಗಿ ಉಳಿಯಿಂದ ತಿರುವುಮುರುವಾಗಿ ಕೊರೆದ ಒಂಟೆ, ತೇರು, ನವಿಲುಗಳು ಅವು. ಒಂದು ಹೋಳು ಕಳೆದರೆ ಇನ್ನೊಂದು ನಿರುಪಯೋಗಿ. ರಾಯಚೂರಿನ ನವರಂಗ ದರ್ವಾಜದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಶಿಲ್ಪಗಳಿಗೆ ಜಾಗ ಸಿಕ್ಕಿದೆ, ಈ ಅಚ್ಚುಗಳಿಗೂ ಒಂದು ಕಪಾಟು ಸಿಗಬೇಕು. ಅಲ್ಲಿಯವರೆಗೆ, ಮನೆ ಕೆಡವುವಾಗ ಅಟ್ಟದ ಮೇಲೆ ಅಂಥ ಮರದ ತುಂಡು ಸಿಕ್ಕರೆ ಒಲೆಗೆ ಹಾಕಬೇಡಿ.